ಗ್ವಾಡಿಗೆ ಹತ್ತದ ಅಕ್ಷರ

...ನಗ್ರಿ ಅಕ್ಕೋರ, ನಗ್ರಿ! ನಾ ಇನ್ನೂ ಚಪ್ಪಲಿ ಬಿಟ್ಟಿಲ್ಲ, ಆಗ್ಲೇ ನಗಾಕ ಸುರು ಮಾಡಿದ್ರಲ್ಲ. ಹೌದ್ರಿ, ಮತ್ತ ಬಂದೆ. ಸ್ಟಿಕರ್ ಹಚ್ಚೂ ಶೆಟ್ಟೆವ್ವ, ನಾಕನೇ ಸಲ! ಸಿಂದಗಿಯಿಂದ ಮೋರಟಗಿಗೆ ಬರೂ ಬಸ್ಸಿನ ಕಂಡಕ್ಟರಗೂ ನನ್ನ ಮಾರಿ ಬಾಯಿಪಾಠ ಆಗೈತಿ.

ನಿಮ್ಮ ಸಾಲಿ ಗ್ವಾಡೀದು ಎಷ್ಟ ಅಕ್ಷರ ಬಿದ್ದಾವ್ರಿ ಈ ಸಲ? ...ಒಂಬತ್ತಾ? ಅಯ್ಯ ಶಿವನ! ಹೋದ ವಾರ ಆರ ಇದ್ದವು. ಎಲ್ಲಿ, ತೋರಿಸ್ರಿ... ಅಯ್ಯ, ಡಬ್ಬಿಯೊಳಗ ಕೂಡಿಸಿ ಇಟ್ಟೀರಲ್ಲ, ಬಂಗಾರ ಇಟ್ಟಂಗ! ಒಗೀರಿ ಅವನ್ನ. ಒಮ್ಮೆ ಬಿದ್ದದ್ದು ಮತ್ತ ಹತ್ತೂದಿಲ್ಲ, ಹಿಂದಿನ ಅಂಟೆಲ್ಲ ಧೂಳ ತಿಂದಿರತೈತಿ. ಹೊಸಾವು ತಂದೇನಿ.

ನನ್ನ ತಪ್ಪಾ? ನೋಡ್ರಿ ಮತ್ತ! ಆ ಗ್ವಾಡಿ ಮ್ಯಾಲ ಒಂದೀಟ ಕೈ ಆಡಿಸಿ ಮಾತಾಡ್ರಿ. ಎಮ್ಮಿ ನಾಲಿಗಿ ಇದ್ದಂಗ ಐತಿ. ಚೆಂದ ಕಾಣತೈತಿ ಅಂತ ನಿಮ್ಮ ಹೆಡ್ಮಾಸ್ತರು ಉಸುಕಿನಂಥ ಬಣ್ಣ ಹೊಡಿಸ್ಯಾರ. ಸ್ಟಿಕರ್ ದಿನ್ನಿ ಮ್ಯಾಲಷ್ಟ ಕುಂಡ್ರತೈತಿ, ತಗ್ಗಿನ್ಯಾಗೆಲ್ಲ ಹವಾ. ಹವಾ ಹೊಕ್ಕಲ್ಲಿ ಮೂಲಿ ಏಳತೈತಿ, ಮೂಲಿ ಎದ್ದಲ್ಲಿ ನಿಮ್ಮ ಹುಡುಗೂರ ಉಗುರು ಹೋಗತೈತಿ. ಮುಗೀತು!

ಹುಡುಗೂರು ಮುಟ್ಟೂದಿಲ್ಲಾ? ಹಂಗಾದ್ರ ನಿಮ್ದ ತಪ್ಪು. ದಿನಾ ಒದ್ದಿ ಅರಿವೀಲೆ ಒರಸ್ತೀರಂತ. ಬ್ಯಾಡ್ರಿ ಅಕ್ಕೋರ... ನಾಳಿ ಮದಿವ್ಯಾಗಿ ಹೋದಲ್ಲಿ ಹಿಂಗ ಗ್ವಾಡಿ ಒರಸಕೋತ ನಿಂತ್ರ, ನಿಮ್ಮತ್ತಿ ಕಸಬರಗಿನೂ ನಿಮ್ಮ ಕೈಯಾಗ ಕೊಟ್ಟ ಕುಂಡ್ರತಾಳ! ...ಹಾಂ, ನಾಚಿದ್ರಿ. ನಾಚಿದ್ರ ಚೆಂದ ಕಾಣತೀರಿ.

ನನ್ನ ಕಥಿ ಕೇಳ್ರಿ ಇಲ್ಲಿ. ನಮ್ಮ ಅಂಗಡಿ ಜೈನುದ್ದೀನ ಸಾವ್ಕಾರ ಇವತ್ತ ಮುಂಜಾನೆ ಮಾರಿ ಗಂಟ ಹಾಕ್ಕೊಂಡ ಕುಂತಿದ್ದ. "ಶೆಟ್ಟೆವ್ವ, ಇಂಡಿ ಊರಾಗ ನೀ ಹಚ್ಚಿದ್ದು ಮೂರ ವರ್ಷಾತು, ಹಾಲಿನ ಕೆನಿ ಹಂಗ ಕುಂತೈತಿ. ಬಾಗೇವಾಡ್ಯಾಗ ಹಚ್ಚಿದ್ದು ಮಳಿ ಬಿಸಲಿಗೂ ಅಳ್ಳಾಡಿಲ್ಲ. ಮೋರಟಗಿ ಸಾಲೀದಷ್ಟ ಯಾಕ ಬೀಳತೈತಿ? ಇದ ಕಡೀದು. ಇನ್ನೊಮ್ಮೆ ಬಿತ್ತಂದ್ರ ನಾ ಬ್ಯಾರೇದವರನ್ನ ನೋಡ್ಕೋತೇನಿ" ಅಂದ. ಹಂಗ ಅಂದಬಿಟ್ಟ ನೋಡ್ರಿ. ಹನ್ನೊಂದ ವರ್ಷ ಅವನ ಅಂಗಡ್ಯಾಗ ದುಡದೇನಿ.

ಅದಕ್ಕ ಇವತ್ತ ಗಟ್ಟಿ ಹಚ್ಚೂದ. ಇಂಥ ಗ್ವಾಡಿಗೂ ಉಪಾಯ ಐತ್ರಿ. ಸ್ವಚ್ಛ ಒರಸಬೇಕು, ಪ್ರೈಮರ್ ಬಳದು ಒಣಗಿಸಬೇಕು. ಸ್ಟಿಕರ್ ಇಟ್ಟು ಈ ಮಷೀನಿಲೆ ಬಿಸಿಗಾಳಿ ಬಿಡಬೇಕು. ಹಪ್ಪಳ ಮೆತ್ತಗಾದಂಗ ಆಗತೈತಿ. ಆವಾಗ ಸ್ಪಂಜಿಲೆ ಒತ್ತಿಬಿಟ್ರ, ತಗ್ಗಿನ್ಯಾಗೆಲ್ಲ ಇಳದು ಕುಂಡ್ರತೈತಿ. ಆಮ್ಯಾಲ ತಗೀಬೇಕಂದ್ರ ಉಳಿ ತಂದು ಕೆತ್ತಬೇಕು!

ಹುಡುಗೂರ ಎಲ್ರಿ? ...ಊಟಕ್ಕ ಹೋದ್ವಾ? ಅಯ್ಯ... ಇರಲಿ ಬಿಡ್ರಿ. ಏನಿಲ್ಲ, ಅವಿದ್ರ ನನಗ ಹೊತ್ತ ಹೋಗತೈತಿ ಅಷ್ಟ. ನಾ ಒಂದ ಹಚ್ಚೂದ ತಡ, ಎಲ್ಲಾ ಕೂಡಿ ಅದರ ಹೆಸರ ಒದರತಾವು.

ಇವತ್ತ ನೀವ ಒದರ್ರಿ. ನಿಮಗರ ಬರತೈತೋ ಇಲ್ಲೋ ನೋಡೂಣು! ಇದ್ಯಾವುದು? ...ಘ? ಶಾಬಾಸ್. ಹಿಂದ ನಂಬರ ಐತಲ್ಲ, ಹತ್ತೊಂಬತ್ತು... ಹಾಂ, ಇಲ್ಲೆ ಬಂತು. ಇದು? ...ಛ. ಪಾಸ್! ಮತ್ತ ಇದು? ...ಇದರಿ ಅಕ್ಕೋರ? ಯಾಕ, ಮರತ್ರಾ? ಪಗಾರ ಹೆಂಗ ತಗೋತೀರಿ ಮತ್ತ!

...ಯಾಕ ಕೆಳಗ ಬಗ್ಗಿದ್ರಿ?

ಏನ ನೋಡಾಕತ್ತೀರಿ? ಮಷೀನಾ? ಬಿಸಿ ಬಿಡಾಕತ್ತೇನಲ್ರಿ. ...ಸಪ್ಪಳ? ಇದು ಹೊಸಾ ನಮೂನಿ, ಸಪ್ಪಳ ಬರೂದಿಲ್ಲ. ...ವಾಯರಾ? ಹಾಂ... ಪಿನ್ನ ಕೆಳಗ ಬಿದ್ದೈತಿ, ಹೌದು. ಕರೆಂಟ್ ಇಲ್ಲಲ್ಲ, ಅದಕ್ಕ ನಾ...

ಹೌದ್ರಿ. ಫ್ಯಾನ ತಿರಗಾಕತ್ತೈತಿ.

ಏನರ ಅನ್ರಿ ಅಕ್ಕೋರ. ಬೇಕಾರ ಬೈರಿ. ಹಿಂಗ ನೋಡಬ್ಯಾಡ್ರಿ... ನನಗ ತಡಕೊಳ್ಳಾಕ ಆಗೂದಿಲ್ಲ.

ಮೊದಲನೇ ಸಲ ಖರೇನ ಗ್ವಾಡೀದ ತಪ್ಪರಿ. ಬಣ್ಣ ಹೊಡದು ಎಂಟ ದಿನಾನೂ ಆಗಿದ್ದಿಲ್ಲ, ಹಸೀ ಇತ್ತು. ಬಿದ್ದವು. ಎರಡನೇ ಸಲ ಬಂದಾಗ ಆ ಎರಡ ಜಡೀ ಹುಡುಗಿ ನನ್ನ ಸೆರಗ ಜಗ್ಗಿ "ಆಯಿ, ಅದು ಣ. ಬಾಣದ ಣ" ಅಂತು. ಹೂಂ ಅಂದೆ. ಗೊತ್ತಿದ್ದಾಕಿ ಹಂಗ. ಸಂಜೀಕ ಸಿಂದಗ್ಯಾಗ ಬಸ್ಸ ಇಳದು ಮ್ಯಾಲ ನೋಡತೇನಿ... ಬಸ್ ನಿಲ್ದಾಣ ಅಂತ ಬರದಾರಲ್ರಿ, ಅದರ ಕಡೀಕ ಕುಂತೈತಿ, ಅದ ಣ! ಇಪ್ಪತ್ತ ವರ್ಷ ಅದರ ಕೆಳಗ ನಿಂತು ಬಸ್ಸ ಹತ್ತೇನ್ರಿ ನಾನು. ಅವತ್ತ ಮಂದಿ ನನ್ನ ದಾಟಿ ಹೋಗಾಕತ್ತಿದ್ರು, ನಾ ಹಂಗ ನಿಂತಬಿಟ್ಟಿದ್ದೆ, ಮಾರಿ ಮ್ಯಾಲ ಮಾಡ್ಕೊಂಡು.

ನನಗ ಓದಾಕ ಬರೂದಿಲ್ರಿ.

ಏಳನೇತ್ತ ತನಕ ಸಾಲಿ ಕಲತೇನಿ ಅಂತ ಸಾವ್ಕಾರಗ ಸುಳ್ಳ ಹೇಳಿ ಸೇರಿದಾಕಿ. ಸಾಲಿ ಕಟ್ಟಿ ಹತ್ತಿಲ್ಲ, ಕುರಿ ಹಿಂದ ತಿರಗಿದಾಕಿ. ಮುನ್ನೂರ ಕುರಿ ಎಣಿಸಿದಾಕಿಗೆ ನಂಬರ ಯಾವ ಲೆಕ್ಕ? ಹಿಂದ ನಂಬರ ಇತ್ತಂದ್ರ ಎಂಥಾದ್ದೂ ಹಚ್ಚತೇನಿ. ಒಮ್ಮೆ ಮುದ್ದೇಬಿಹಾಳದ ಒಂದ ಖಾನಾವಳ್ಯಾಗ ನಂಬರ ಹಾಕಿದ್ದಿಲ್ಲ. ಪಾಯಖಾನಿ ಮುಂದ ಗಂಡಸರದ್ದು ಹೆಂಗಸರ ಬಾಗಲಕ್ಕ ಹಚ್ಚಿ, ಹೆಂಗಸರದ್ದು ಗಂಡಸರದಕ್ಕ ಹಚ್ಚಿ ಬಂದೆ! ...ನಗ್ರಿ, ಅದಕ್ಕ ನಗಬೇಕ. ಅಲ್ಲಿದ್ದವರೆಲ್ಲ ನಕ್ಕರು. ಕಣ್ಣಿನ ಚಾಳೀಸ ಮರತ ಬಂದೇನಿ ಅಂತ ನಾನೂ ನಕ್ಕೆ. ಮನಿಗೆ ಬಂದು ರೊಟ್ಟಿ ಬಡ್ಯಾಕ ಕುಂತ್ರ ಕೈ ಏಳಲಿಲ್ರಿ.

ಯಾರಿಗೆ ಕೇಳ್ಲಿ? ನಲವತ್ತಾರ ವರ್ಷದಾಕಿ, ಅ ಆ ಕಲಸ್ರಿ ಅಂತ ಯಾರ ಮನಿ ಬಾಗಲಕ್ಕ ನಿಂದರ್ಲಿ? ಇಲ್ಲಿ ಕೇಳೂದ ಬ್ಯಾಡ, ಹುಡುಗೂರ ತಾವ ಒದರತಾವು. ಅದಕ್ಕ ಹೋದ ಸಲ ತಣ್ಣಗ ಹಚ್ಚಿದೆ. ಬೀಳಲಿ ಅಂತನ. ಇವತ್ತೂ... ಇವತ್ತ ಗಟ್ಟಿ ಹಚ್ಚಬೇಕಂತ ಬಸ್ಸಿನ್ಯಾಗ ಆಣಿ ಮಾಡಿ ಬಂದಿದ್ದೆ. ಪಿನ್ನ ಹಚ್ಚಾಕ ಹೋದೆ, ಕೈ ಬರಲಿಲ್ಲ. ಎಲ್ಲಾ ಗಟ್ಟಿ ಕುಂತ್ರ ನನಗ ಈ ಖೋಲಿಗೆ ಬರಾಕ ಮತ್ತೇನ ನೆವಾ ಐತ್ರಿ?

...ಎಲ್ಲಿ ಹೊಂಟ್ರಿ? ಹೆಡ್ಮಾಸ್ತರ ಕಡೆನಾ? ಅಕ್ಕೋರ, ನಿಮ್ಮ ಕಾಲ... ಹಾಂ. ಪಿನ್ನ ಹಚ್ಚಾಕಾ. ಹಚ್ಚರಿ. ಹಚ್ಚೂದ ಬರೋಬ್ಬರಿ ಐತಿ. ಸಾಲಿ ನಿಮ್ದು, ಗ್ವಾಡಿ ನಿಮ್ದು. ಕೊಡ್ರಿ ಮಷೀನ್, ನಲವತ್ತೊಂಬತ್ತನ್ನೂ ಗಟ್ಟಿ ಮಾಡಿ ನನ್ನ ಹಾದಿ ಹಿಡೀತೇನಿ.

ಕೊಡ್ರಿ... ಯಾಕ, ನೀವ ಹಿಡಕೊಂಡ ನಿಂದರ್ತೀರಾ? ಕೈ ಸುಟ್ಟಕೋತೀರಿ! ನನಗ ಬರೇ ಸ್ಪಂಜಾ? ಆತು. ಬಿಡ್ರಿ ಬಿಸಿ, ಒತ್ತತೇನಿ. ...ಬಿಡ್ರಿ ಅಂದ್ರ. ಯಾಕ ಬಟ್ಟ ತೋರಸ್ತೀರಿ? ಅದು ಗ್ವಾಡಿ ಮ್ಯಾಲಿನ ಮೊದಲನೇದು...

ನಾ ಹೇಳಬೇಕಾ? ಹೇಳಿದ ಮ್ಯಾಲ ಬಿಸಿ ಬಿಡ್ತೀರಾ?

ಅಯ್ಯ ಅಕ್ಕೋರ... ಕಣ್ಣಾಗ ಏನೋ ಬಿತ್ತರಿ, ತಡೀರಿ. ನಿಮ್ಮ ಗ್ವಾಡಿ ಉಸುಕು.

ಅ. ...ಆ. ಸರೀ ಒತ್ತಿದೆ ನೋಡ್ರಿ. ಇ, ಈ, ಉ... ಇದಕ್ಕ ಬಾಲ ಐತಿ, ಊ. ಊಟದ ಊ! ನಕ್ಕರಿ, ಹೌದಲ್ಲ? ಇದು...

ಇದು... ಇದನ್ನ ಯಾವತ್ತೂ ಒದರಿಲ್ರಿ ಹುಡುಗೂರು. ಬಿದ್ದೇ ಇಲ್ಲ ಇದು.

ತಡೀರಿ. ಹೇಳಬ್ಯಾಡ್ರಿ. ನಾನ ಹೇಳತೇನಿ.