ಪುಟ್ಟಿಯ ಹುಟ್ಟುಹಬ್ಬದ ಫೋಟೊ

ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತಿದ್ದ ನರ್ಸಿಗೆ ಪಕ್ಕದಲ್ಲಿದ್ದ ಅಕ್ಕತಂಗಿಯರ ಮಾತು ಬೇಡವೆಂದರೂ ಕಿವಿಗೆ ಬಿತ್ತು. ಅಕ್ಕನ ಮಡಿಲಲ್ಲಿ ಮಗು ನಿದ್ದೆಹೋಗಿತ್ತು.

"ಪುಟ್ಟಿ ಹುಟ್ಟುಹಬ್ಬದ ಫೋಟೊ ಹಾಕಿದೆ, ಅಷ್ಟೇ ಅಕ್ಕಾ. ಊರಿನ ಹೆಸರು ನಾನು ಬರೀಲೇ ಇಲ್ಲ."

"ನೀನು ಬರೀಲಿಲ್ಲ, ಫೋನೇ ಬರ್ಕೊಳ್ತು. ಬೀದಿ ಹೆಸರನ್ನೂ ಸೇರಿಸಿ."

"ಭಾವ ಅದನ್ನ ನೋಡ್ತಾರೆ ಅಂತ ನಂಗೇನು ಗೊತ್ತು?"

"ಹೊಡೆತ ತಾಳಲಾರ್ದೆ ನಾನು ಮನೆ ಬಿಟ್ಟಾಗಿಂದ ಅವನು ಅದನ್ನೇ ಕಾಯ್ತಿದ್ದ. ನಿನ್ನೆ ಬಾಗಿಲು ಒದ್ದಾಗ ಪಕ್ಕದ ಮನೆಯವರು ಓಡಿ ಬರದಿದ್ರೆ ನಾನೂ ಪುಟ್ಟೀನೂ ಉಳೀತಿರ್ಲಿಲ್ಲ."

ತಂಗಿ ಬಾಯಿ ಮುಚ್ಚಿಕೊಂಡು ಅತ್ತಳು.

"ಅಳಬೇಡ ಕಣೇ. ನಿನ್ನ ಮೇಲೆ ನಂಗೆ ಕೋಪ ಇಲ್ಲ."

"ಹಾಗಾದ್ರೆ ಎಲ್ಲಿಗೆ ಹೋಗ್ತಿದ್ದೀಯ, ಹೇಳು. ಪುಟ್ಟಿ ಆಣೆಗೂ ಯಾರಿಗೂ ಹೇಳಲ್ಲ."

"ನೀನು ಹೇಳಲ್ಲ, ಗೊತ್ತು. ನಿನ್ನ ಫೋನಿಗೆ ಯಾರು ಬುದ್ಧಿ ಹೇಳ್ತಾರೆ?"

"ಮತ್ತೆ ಯಾವಾಗ ಸಿಗ್ತೀಯ?"

ಬಸ್ಸು ಬಂದಾಗ ಅಕ್ಕ ಮಗುವನ್ನು ಹೆಗಲಿಗೆ ಹಾಕಿಕೊಂಡು ಹತ್ತಿದಳು. ತಂಗಿ ತಲೆ ತಗ್ಗಿಸಿಯೇ ಅವಳ ಚೀಲಗಳನ್ನು ಒಳಗಿಟ್ಟಳು. ಆಮೇಲೆ, ಬಸ್ಸು ಯಾವ ಊರಿನದೆಂಬ ಬೋರ್ಡು ಕಣ್ಣಿಗೆ ಬೀಳದಂತೆ, ಅದು ಹೊರಟುಹೋಗುವ ತನಕ ಗೋಡೆಗೆ ಮುಖ ಮಾಡಿ ನಿಂತಳು.