ಜಿಂಕೆ ಇಳಿದ ದಿನ

...ಆ ನಕಾಶೆ ಮಡಚಿಡು ಅರ್ಲೀನ್. ಅದರಲ್ಲಿ ಬೆಟ್ಟ ಇದೆ, ಹೊಳೆ ಇದೆ, ಜಿಂಕೆ ಎಲ್ಲಿದೆ? ಯಾಕೆ ನಗ್ತೀ? ಡೆಲ್ಮರ್ ಕೂಡ ಇದೇ ಮಾತು ಅಂದನಾ? ಅನ್ನದೆ ಏನು. ನಮ್ಮಿಬ್ಬರಿಗೂ ಪಾಠ ಹೇಳಿದ ಅಪ್ಪ ಒಬ್ಬನೇ ತಾನೆ. ಕೂತ್ಕೋ. ಕಾಫಿ ಬೆಳಗಿನದು, ಕಾದು ಕಾದು ಕಹಿಯಾಗಿದೆ. ಬೇರೆ ಮಾಡೋ ಉಮೇದಿಲ್ಲ ನನಗೆ, ಇದನ್ನೇ ಕುಡಿ.

ಎಲ್ಲಿ, ಬೇಟೆ ಪರವಾನಗಿ ಚೀಟಿ ತೋರಿಸು. ಹೂಂ, ನಿನ್ನ ಹೆಸರಿಗೇ ತಗೊಂಡಿದ್ದೀಯ. ಇಪ್ಪತ್ತೆರಡು ವರ್ಷ ನನ್ನ ತಮ್ಮನ ಹೆಂಡತಿಯಾಗಿದ್ದು ಒಂದು ಮೊಲಕ್ಕೂ ಗುರಿ ಇಡದವಳು, ಈಗ ಮ್ಯೂಲ್ ಜಿಂಕೆ ಹೊಡೆದು ಬೆಟ್ಟದಿಂದ ಎಳ್ಕೊಂಡು ಬರ್ತೀಯಾ... ಸರಿ, ಸರಿ, ಹಂಗಿಸಲಿಲ್ಲ. ಕಳೆದ ವರ್ಷ ಹಿಮದಲ್ಲಿ ಸಿಕ್ಕಿ ಎರಡು ಪಾದದ ಬೆರಳೂ ಕಳ್ಕೊಂಡ ಡೆಲ್ಮರ್ ಬೆಟ್ಟ ಹತ್ತೋ ಹಾಗಿಲ್ಲ. ಚಳಿಗಾಲ ಬರ್ತಿದೆ, ಮನೆಯಲ್ಲಿ ಫ್ರೀಜರ್ ಖಾಲಿ. ನನಗೇನು ತಿಳಿಯಲ್ವಾ. ನಾನು ಕಳಿಸ್ತೀನಿ ಅಂದ ಮಾಂಸ ಈ ಸಲ ಬೇಡ ಅಂದ್ಯಂತೆ. ಇರಲಿ. ಯಾಕೆ ಅಂತ ಕೇಳಲ್ಲ.

ಮೊದಲು ಇಷ್ಟು ತಿಳ್ಕೋ. ಎಲ್ಲಿಗೆ ಹೋಗಲಿ ಅಂತ ಕೇಳ್ತಿದ್ದೀಯಲ್ಲ, ಅದಕ್ಕೆ ಮುಂಚೆ ಯಾವತ್ತು ಹೋಗ್ತೀಯ ಅಂತ ಹೇಳಬೇಕು. ಇವತ್ತು ಹೋದರೆ ಅವು ಮೇಲೆ, ಕೆರೆಗಳ ಹತ್ತಿರ, ಇನ್ನು ಮರವೇ ಬೆಳೆಯಲ್ಲ ಅನ್ನೋ ಎತ್ತರದಲ್ಲಿ. ಅಕ್ಟೋಬರ್‌ಗೆ ಇಳಿಯೋಕೆ ಶುರು. ಕೆಳಗೆ ಮರುಭೂಮಿ ತನಕ ನಡೀತವೆ, ನೂರೈವತ್ತು ಮೈಲಿ. ಅಲ್ಲಿ ಗಾಳಿ ಹಿಮವನ್ನೆಲ್ಲ ಗುಡಿಸಿ ಹಾಕುತ್ತೆ, ಸೇಜ್ ಪೊದೆ ಕಾಣಿಸ್ತಿರುತ್ತೆ, ಅದನ್ನೇ ಕಚ್ಚಿಕೊಂಡು ಚಳಿಗಾಲ ತಳ್ತವೆ. ವಸಂತಕ್ಕೆ ಮತ್ತೆ ಮೇಲಕ್ಕೆ, ಅದೇ ದಾರಿಯಲ್ಲಿ. ತಾಯಿ ನಡೆದ ದಾರಿ, ತಾಯಿಯ ತಾಯಿ ನಡೆದ ದಾರಿ. ಮರಿ ಒಂದು ವರ್ಷ ಹಿಂದೆ ಹಿಂದೆ ನಡೆದರೆ ಮುಗೀತು, ಸಾಯೋ ತನಕ ಮರೆಯಲ್ಲ. ಆ ದಾರಿಯಲ್ಲಿ ಯಾರೋ ಮನೆ ಕಟ್ಟಿದರೂ ಅವರ ಅಂಗಳದಲ್ಲೇ ಹಾದು ಹೋಗ್ತವೆ ಮುಂಡೇವು.

ಬರ್ಕೊಳ್ತಿದ್ದೀಯಾ? ಬರ್ಕೋ. ಹಿಮ ಬೀಳೋ ಸೂಚನೆ ಇಲ್ಲದಿದ್ದರೆ ಮೇಲಿನ ಕೊಳ್ಳ. ಆಸ್ಪೆನ್ ಮರದ ಎಲೆ ಉದುರೋ ಹೊತ್ತಿಗೆ ನಡುವಿನ ತೋಪು, ಅಲ್ಲಿ ಮೂರು ನಾಲ್ಕು ದಿನ ನಿಂತು ಮೇಯ್ತವೆ, ಅವಸರವಿಲ್ಲ ಅವಕ್ಕೆ. ಆಮೇಲೆ ಇಲ್ಲಿ, ನನ್ನ ಮನೆ ಹಿಂದಿನ ಬೇಲಿ. ಕೆಳಗಿನ ತಂತಿ ಎತ್ತಿ ಕಟ್ಟಿದೀವಿ ನೋಡು, ಅಲ್ಲೇ ನುಸುಳೋದು. ಅಲ್ಲಿ ನುಸುಳಿದವು ಅಂದ್ರೆ ಮೇಲೆ ಏನೂ ಉಳಿದಿಲ್ಲ ಅಂತ ಅರ್ಥ. ಆಮೇಲೆ ಬೆಟ್ಟ ಹತ್ತಿದವನು ಬರೀ ಕಲ್ಲು ನೋಡ್ಕೊಂಡು ಬರಬೇಕು.

ಅದಕ್ಕೇ ಅಪ್ಪ ಆ ಬಟ್ಟೆ ಕಟ್ತಿದ್ದದ್ದು. ಡೆಲ್ಮರ್ ಹೇಳಿರಬೇಕಲ್ಲ. ಆಗ ಈ ಕಣಿವೆಗೆಲ್ಲ ಒಂದೇ ಫೋನ್ ಲೈನು. ಜಿಂಕೆ ಇಳೀತು ಅಂತ ಫೋನಲ್ಲಿ ಅಂದರೆ ಎಂಟು ಮನೆಯವರು ಕಿವಿ ಕೊಟ್ಟು ಕೇಳಿ ಬಂದೂಕು ಹಿಡ್ಕೊಂಡು ಬಂದುಬಿಡೋರು. ಅದಕ್ಕೆ ಈ ಮನೆಯಲ್ಲಿ ಇರೋನು ರಸ್ತೆ ಗೇಟಿಗೆ ಕಿತ್ತಳೆ ಬಟ್ಟೆ ಕಟ್ಟಬೇಕು. ಬಟ್ಟೆ ಕಂಡರೆ ನಮ್ಮವರು ಇಲ್ಲೇ ಇಳೀತಾರೆ, ಕಾಣದಿದ್ದರೆ ಮೇಲೆ ಹತ್ತುತ್ತಾರೆ. ಈಗ ಎಲ್ಲರ ಜೇಬಲ್ಲೂ ಫೋನಿದೆ. ಆದರೂ ನಾವಿಬ್ಬರೂ ಆ ಬಟ್ಟೆ ಬಿಟ್ಟಿಲ್ಲ. ಹಟ ಅಂದ್ಕೋ.

ಆಕಾಶ ನೋಡ್ಕೊಂಡು ಕೂರಬೇಡ. ನಮಗೆ ಮೋಡ ಕಾಣೋ ಮುಂಚೆ ಅವಕ್ಕೆ ತಿಳಿಯುತ್ತೆ. ಕಳೆದ ವರ್ಷ ಹಿಂದಿನ ಸಂಜೆ ಬೇಲಿ ತಂತಿಯಲ್ಲಿ ಜಿಂಕೆ ಕೂದಲು ಸಿಕ್ಕಿತ್ತು, ಇಷ್ಟು ದಪ್ಪ, ಈ ಕೈಯಲ್ಲೇ ಕಿತ್ತೆ. ಮಾರನೇ ದಿನ ಮಧ್ಯಾಹ್ನ ತಾನೇ ಹಿಮ...

ಏನಂದೆ? ಯಾವುದರ ಹಿಂದಿನ ಸಂಜೆ ಅಂತಲಾ?

ಅದೇ... ಆ ವಾರದಲ್ಲಿ ಯಾವತ್ತೋ. ಎಲ್ಲ ದಿನ ನೆನಪಿರುತ್ತಾ. ಎರಡು ರಾತ್ರಿ ಅವನನ್ನು ಹುಡುಕಿ ಹುಡುಕಿ ನನ್ನ ತಲೆ ಎಲ್ಲಿತ್ತು. ಕೂದಲು ಆಮೇಲೆ ಕಂಡದ್ದಿರಬೇಕು, ಹಿಮ ಬಿದ್ದ ಮೇಲೆ. ಹೌದು, ಆಮೇಲೇ. ಬರ್ಕೊಳ್ಳೋದು ಯಾಕೆ ನಿಲ್ಲಿಸಿದೆ?

ಚೀಟಿ ವಿಷಯ ಹೇಳಿಬಿಡ್ತೀನಿ, ಹೊಸಬರು ತಪ್ಪೋದೇ ಅಲ್ಲಿ. ಹೊಡೆದ ಜಾಗದಲ್ಲೇ, ಅದನ್ನು ಅಲ್ಲಾಡಿಸೋ ಮುಂಚೆ, ಚೀಟಿಯಲ್ಲಿ ಅಚ್ಚಾಗಿರೋದರಲ್ಲಿ ಆವತ್ತಿನ ತಿಂಗಳು ಕತ್ತರಿಸು, ತಾರೀಖು ಕತ್ತರಿಸು, ಕೊಂಬಿಗೆ ಕಟ್ಟು. ಬೇಟೆ ಇಲಾಖೆಯ ವಾರ್ಡನ್ ಬಂದರೆ ಮೊದಲು ನೋಡೋದೇ ಅದನ್ನ... ಎಲ್ಲಿ ನೋಡ್ತಿದ್ದೀಯ? ಶೆಡ್ಡಾ? ಹೂಂ, ಕಳೆದ ವರ್ಷದ ಕೊಂಬು ಅಲ್ಲೇ ಇದೆ. ಚೀಟಿ ಬಿಚ್ಚೋಕೂ ಹೋಗಿಲ್ಲ. ಅವನು ಆಸ್ಪತ್ರೆಯಲ್ಲಿದ್ದಾಗ ಹೊಡೆದದ್ದು. ಚೀಟಿ ದಂಡವಾಗಬಾರದು, ನಿಮಗೂ ಮಾಂಸ ಆಗುತ್ತೆ ಅಂತ. ಆಗಲೇ ಹೇಳಿದ್ದೆನಲ್ಲ. ನಂಬಿಕೆ ಇಲ್ಲದಿದ್ದರೆ ಹೋಗಿ ನೋಡು, ಬಾಗಿಲು ತೆಗೆದೇ ಇದೆ. ಹೋಗು.

ಹೋಗಲ್ವಾ?

ಹತ್ತು ಹೆಜ್ಜೆ ಅರ್ಲೀನ್. ತಾರೀಖು ಕತ್ತರಿಸಿರೋದು ಕಣ್ಣಿಗೆ ಹೊಡೆಯುತ್ತೆ.

ಏಳ್ತಾನೇ ಇಲ್ಲವಲ್ಲ ನೀನು. ನೋಡೋ ಅಗತ್ಯವೇ ಇಲ್ಲ ಅನ್ನೋ ಹಾಗೆ ಕೂತಿದ್ದೀಯ.

...ನಾಲ್ಕು. ಅಕ್ಟೋಬರ್ ನಾಲ್ಕು, ಬೆಳಗ್ಗೆ ಎಂಟು ಗಂಟೆ. ಅವನು ಅದೇ ದಿನ ನಸುಕಿಗೆ ಗೇಟು ದಾಟಿ ಹೋಗಿದ್ದ. ಗಾಡಿ ನಿಧಾನ ಮಾಡಿದ್ದು ಈ ಕಿಟಕಿಯಿಂದಲೇ ಕಂಡೆ. ಬಟ್ಟೆ ಹುಡುಕ್ತಿದ್ದ. ಬಟ್ಟೆ ನನ್ನ ಕೋಟಿನ ಜೇಬಲ್ಲಿತ್ತು. ಹಿಂದಿನ ಸಂಜೆಯೇ ಗೊತ್ತಿತ್ತು ನನಗೆ, ದೊಡ್ಡ ಗಂಡು ಇಳಿದಿದೆ ಅಂತ, ಹೆಜ್ಜೆ ನೋಡಿದ್ದೆ. ಆರು ವರ್ಷ ಸತತ ಅವನು ಹೊಡೆದದ್ದೇ ದೊಡ್ಡದು. ಒಂದು ವರ್ಷ ನನಗಿರಲಿ ಅನ್ನಿಸ್ತು. ಅಷ್ಟೇ. ಬೆಟ್ಟ ಹತ್ತಿ ಬರಿಗೈಯಲ್ಲಿ ಇಳೀತಾನೆ, ಸಂಜೆ ನಾನೇ ರೇಗಿಸ್ತೀನಿ, ಅಂದ್ಕೊಂಡಿದ್ದೆ. ಹಿಮ ಬರುತ್ತೆ ಅಂತ ನನಗೆ... ಜಿಂಕೆಗೆ ತಿಳಿದಿತ್ತು ಅಂತ ಈಗ ತಾನೆ ನಿನಗೆ ಪಾಠ ಹೇಳಿದೆ. ನಾನು ಹೆಜ್ಜೆ ನೋಡಿದೆ, ಗಾತ್ರ ನೋಡಿದೆ, ಯಾಕೆ ಒಂದೇ ದಿನ ಎಲ್ಲವೂ ಇಳಿದವು ಅಂತ ಯೋಚಿಸಲಿಲ್ಲ.

ಬೈಯಿ.

ನಿನಗೆ ಯಾವಾಗ ಗೊತ್ತಾಯ್ತು?

ಏಪ್ರಿಲ್‌ನಲ್ಲೇ ಇರಬೇಕು, ಅವನು ಗರಗಸ ಬೇಕು ಅಂತ ಬಂದಿದ್ದ. ನಾನು ತಂದುಕೊಡ್ತೀನಿ ಅಂದರೂ ಕೇಳದೆ ಕೋಲು ಊರಿಕೊಂಡು ಶೆಡ್ಡಿಗೆ ಅವನೇ ಹೋದ. ಬಹಳ ಹೊತ್ತು ಬರಲಿಲ್ಲ. ಆಮೇಲೆ ಒಳಗೆ ಬಂದು, ಈಗ ನೀನು ಕೂತಿರೋ ಕುರ್ಚಿಯಲ್ಲೇ ಕೂತು ಊಟ ಮಾಡಿದ. ಉಪ್ಪು ಕೊಡಣ್ಣ ಅಂದ. ಕೊಟ್ಟೆ.

ಈ ಬೆಟ್ಟ ನನಗಿಂತ ಅವನಿಗೇ ಚೆನ್ನಾಗಿ ಗೊತ್ತು ಅರ್ಲೀನ್. ಕೊಳ್ಳ, ತೋಪು, ಬೇಲಿ, ಎಲ್ಲ ಅವನೇ ಹೇಳಿಕೊಡಬಹುದಿತ್ತು. ಕಣ್ಣು ಮುಚ್ಚಿ ಬರೆದು ಕೊಡ್ತಿದ್ದ. ನನ್ನ ಹತ್ತಿರ ಕೇಳಿಕೊಂಡು ಬಾ ಅಂತ ಯಾಕೆ ಕಳಿಸಿದ? ಐದು ತಿಂಗಳಿಂದ ನಾನಾಗಿ ಹೇಳ್ತೀನಾ ಅಂತ ಕಾದನಾ?

ಹೊರಗೆ ಪಿಕಪ್ ಎಂಜಿನ್ ಆರಿಸಿಲ್ಲ ನೀನು. ಬಂದಾಗಿನಿಂದ ಓಡ್ತಾನೇ ಇದೆ.

ಗಾಡಿಯೊಳಗೆ ಅವನೂ ಇದ್ದಾನಾ?

ಹೀಟರ್ ಹಾಕ್ಕೊಂಡು ಕೂತಿದ್ದಾನೆ, ಅಲ್ವಾ. ಕಾಲಿಗೆ ಚಳಿ ತಡೆಯಲ್ಲ ಅವನಿಗೆ.