ಸೂಜಿ ಚುಚ್ಚದೆ ಕಳಿಸಿದರು

ಅಟ್ಟೂರಿನ ಆ ಫಿಸಿಯೋ ಕ್ಲಿನಿಕ್ಕಿನಲ್ಲಿ ಬಿಗಿದ ಸ್ನಾಯುವಿಗೆ ಸಣ್ಣ ಸೂಜಿ ಚುಚ್ಚಿ ನೋವು ಬಿಡಿಸುತ್ತಾರೆ. ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬ ತಾಯಿ ಕಾಯುತ್ತಿದ್ದರು. ಮಗಳು ಒಳಗಿನಿಂದ ಕುಂಟುತ್ತಾ ಬಂದಳು.

“ಚುಚ್ಚಿದ್ರಾ ಬಿಂದು?”

“ಇಲ್ಲಮ್ಮ. ಇದು ಮೀನಖಂಡದ ನೋವಲ್ವಂತೆ. ಮೂಳೆ ಬಿರುಕು ಬಿಟ್ಟಿರ್ಬೋದು, ಸ್ಕ್ಯಾನ್ ಮಾಡ್ಸಿ ಅಂತ ಚೀಟಿ ಕೊಟ್ರು.”

“ಆವತ್ತು ಚುಚ್ಚಿಸ್ಕೊಂಡ್ ಬಂದು ಅಗುರಾಯ್ತು ಅಂದೆ?”

“ಹಗುರಾಯ್ತು ಅಂತ ಅವತ್ತೇ ಜಕ್ಕೂರು ಕೆರೆ ಸುತ್ತ ಓಡ್ಬಿಟ್ಟೆ.”

“ಅಯ್ಯೋ ನಿನ್ನ! ಸೋಮವಾರದ್ ಪೊಲೀಸ್ ಸೆಲೆಕ್ಷನ್ ಓಟ?”

“ಓಡ್ಲೇಬೇಕು. ಮುಂದಿನ್ ಸಲಕ್ಕೆ ವಯಸ್ಸು ಮೀರೋಗುತ್ತೆ.”

ನನ್ನ ಅಜ್ಜಿಯ ಕತೆಯಲ್ಲಿ ನೆತ್ತಿಯ ಸೂಜಿ ಕಿತ್ತೊಡನೆ ಗಿಳಿ ಮತ್ತೆ ರಾಜಕುಮಾರಿಯಾಗುತ್ತಿತ್ತು. ತಾಯಿ ಬಗ್ಗಿ ಮಗಳ ಕಾಲು ಸವರಿದರು.

“ಯಲಹಂಕದಾಗೆ ಇನ್ನೊಬ್ರು ಚುಚ್ತಾರಲ್ಲ?”

“ಅವ್ರೂ ಮೂಳೆ ಅಂದ್ರೆ?”

“ಬರೀ ಮೀನಖಂಡ ಇಡ್ಕೊಂಡದೆ ಅನ್ನು. ಒತ್ತಿದ್ರೆ ಕಿರುಚ್ಬೇಡ.”

ಅವರು ಸ್ಕ್ಯಾನಿನ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

“ಇಲ್ಲಿಂದ್ಲೇ ನೆಟ್ಟಗೆ ನಡೆದು ರೂಢಿ ಮಾಡ್ಕೊ.”

ತುಟಿ ಕಚ್ಚಿಕೊಂಡು ಹೊರಟವಳು ಗೇಟಿನವರೆಗೂ ಒಮ್ಮೆಯೂ ಕುಂಟಲಿಲ್ಲ.